ಮೂಲೆಯ ಕಂಬ ಎಲ್ಲಿಗೆ ಹೋಯಿತು? 1900–1931ರ ವಾಸ್ತುಶಿಲ್ಪದ ಟಿಪ್ಪಣಿ

ಈ ಅಧ್ಯಾಯದ ಹೆಸರುಗಳೂ ಇಸವಿಗಳೂ ಬೇಗ ಬಾಯಿಪಾಠವಾದವು. ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಪ್ರಶ್ನೆ: ಕಟ್ಟಡದ ಮೂಲೆಯಲ್ಲಿ ಕಂಬವಿಲ್ಲದೆ ಬರೀ ಗಾಜಿದ್ದರೆ ಮೇಲಿನ ಮಹಡಿ ಏಕೆ ಕುಸಿಯುವುದಿಲ್ಲ? ಎರಡು ದಿನ ಅದರಲ್ಲೇ ಕಳೆದೆ, ಹಾಗಾಗಿ ಅದನ್ನೇ ಮೊದಲು ಬರೆಯುತ್ತೇನೆ.

ಕಾಂಕ್ರೀಟ್ ಒತ್ತಡವನ್ನು ತಾಳುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಎಳೆತಕ್ಕೆ ಉಕ್ಕಿನ ಸರಳು ಬೇಕು. ಸರಿ, ತೊಲೆಯೊಳಗೆ ಅದನ್ನು ಎಲ್ಲಿಡಬೇಕು? ನಟ್ಟನಡುವೆ ಎಂದುಕೊಂಡಿದ್ದೆ, ತಪ್ಪು. ಪೆನ್ಸಿಲ್ ಗೆರೆ ಅಳಿಸುವ ಉದ್ದನೆಯ ರಬ್ಬರಿನ ಪಕ್ಕದ ಮೈಮೇಲೆ ಸಮ ಅಂತರದಲ್ಲಿ ಮೇಲಿಂದ ಕೆಳಕ್ಕೆ ನೇರ ಗೆರೆಗಳನ್ನು ಎಳೆಯಿರಿ. ಎರಡು ತುದಿಗೂ ಆಧಾರ ಕೊಟ್ಟು ನಡುವೆ ಅದುಮಿ. ಗೆರೆಗಳು ಮೇಲ್ಗಡೆ ಹತ್ತಿರವಾಗುತ್ತವೆ, ಕೆಳಗಡೆ ಅಗಲುತ್ತವೆ. ಅಗಲುವ ಕಡೆಯೇ ಎಳೆತ, ಹಾಗಾಗಿ ಸರಳು ಕೆಳಗೆ. ನಡುಭಾಗದಲ್ಲಿ ಅಂತರ ಬದಲಾಗುವುದೇ ಕಡಿಮೆ. ಅಲ್ಲಿಟ್ಟ ಸರಳಿಗೆ ಹೆಚ್ಚು ಕೆಲಸವಿಲ್ಲ.

ಈಗ ಅದೇ ರಬ್ಬರಿನ ಒಂದು ತುದಿಯನ್ನು ಮೇಜಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದು ಅಂಚಿನಾಚೆ ಚಾಚಿರಲಿ. ಚಾಚಿದ ತುದಿಯನ್ನು ಅದುಮಿದರೆ ಗೆರೆಗಳು ಮೇಲ್ಗಡೆ ಅಗಲುತ್ತವೆ! ಅಂದರೆ ಚಾಚುಭಾಗದಲ್ಲಿ ಮುಖ್ಯ ಸರಳು ಮೇಲೆ. ಇದು ತಲೆಗೆ ಹೋದ ಕ್ಷಣ ಗಾಜಿನ ಮೂಲೆಯ ಒಗಟು ಬಿಡಿಸಿಕೊಂಡಿತು. ಕಂಬ ಮಾಯವಾಗಿಲ್ಲ, ಒಳಕ್ಕೆ ಸರಿದಿದೆ. ಮಹಡಿ ಅದರಾಚೆ ಚಾಚಿದೆ. ಗಾಜು ಹೊರುವುದು ತನ್ನ ಭಾರವನ್ನೂ ಗಾಳಿಯ ಹೊಡೆತವನ್ನೂ ಮಾತ್ರ. 1926ರಲ್ಲಿ ಜರ್ಮನಿಯ ಡೆಸ್ಸೌನಲ್ಲಿ ವಾಸ್ತುಶಿಲ್ಪಿ ಗ್ರೋಪಿಯಸ್ ಕಟ್ಟಿದ ಬೌಹೌಸ್ ಎಂಬ ವಿನ್ಯಾಸ ಶಾಲೆಯ ಕಾರ್ಯಾಗಾರದ ಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಗಾಜಿನ ಮೂಲೆಯನ್ನು ಆತ ಅಡಾಲ್ಫ್ ಮೇಯರ್ ಜೊತೆ 1911ರಲ್ಲಿ ಶುರುಮಾಡಿದ ಫಾಗುಸ್ ಕಾರ್ಖಾನೆಯಲ್ಲೇ ತಂದಿದ್ದ.

ನನ್ನನ್ನು ಬೀಳಿಸಿದ ಇನ್ನೊಂದು ಗುಂಡಿ: ಬರ್ಲಿನ್‌ನಲ್ಲಿ ವಾಸ್ತುಶಿಲ್ಪಿ ಪೀಟರ್ ಬೆಹ್ರೆನ್ಸ್ ಎಇಜಿ ಎಂಬ ವಿದ್ಯುತ್ ಕಂಪನಿಗೆ ಕಟ್ಟಿದ ಟರ್ಬೈನ್ ಕಾರ್ಖಾನೆ (1909). ಅದರ ಮೂಲೆಗಳು ಕೋಟೆಯಷ್ಟು ದಪ್ಪ. ಭಾರವೆಲ್ಲ ಅಲ್ಲೇ ಎಂದು ಬರೆದು ಅಂಕ ಕಳೆದುಕೊಂಡೆ. ಅವು ಕಾಂಕ್ರೀಟಿನ ತೆಳು ಹೊದಿಕೆ. ಚಾವಣಿಯನ್ನು ಹೊತ್ತಿರುವುದು ಉಕ್ಕಿನ ಚೌಕಟ್ಟು. ಗ್ರೋಪಿಯಸ್ ಇದೇ ಬೆಹ್ರೆನ್ಸ್ ಬಳಿ ಕೆಲಸ ಮಾಡಿದವನು. ಗುರು ಮೂಲೆಗೆ ಭಾರದ ವೇಷ ಹಾಕಿದ, ಶಿಷ್ಯ ಆ ವೇಷ ಕಳಚಿದ.

ಹೊಸ ವಾಸ್ತುಶಿಲ್ಪಕ್ಕೆಂದು ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇ ಹೇಳಿದ ಐದು ಅಂಶಗಳನ್ನು ಉರು ಹೊಡೆಯಬೇಡಿ. ‘ಗೋಡೆಗೆ ಬಿಡುಗಡೆ’ ಎಂಬ ಎರಡು ಪದ ಸಾಕು. ಭಾರ ಕಂಬಕ್ಕೆ ಹೋದರೆ ಮನೆಯನ್ನು ನೆಲದಿಂದ ಎತ್ತಿ ನಿಲ್ಲಿಸಬಹುದು, ಒಳಗೋಡೆಯನ್ನು ಬೇಕಾದಲ್ಲಿ ಹಾಕಬಹುದು, ಹೊರಮುಖ ಸ್ವತಂತ್ರವಾಗುತ್ತದೆ, ಕಿಟಕಿ ಪಟ್ಟಿಯಂತೆ ಉದ್ದಕ್ಕೂ ಓಡುತ್ತದೆ. ನಾಲ್ಕಾಯಿತು. ಐದನೆಯದಾದ ಚಾವಣಿ ತೋಟ ಮಾತ್ರ ಸಮತಟ್ಟು ಕಾಂಕ್ರೀಟ್ ಚಪ್ಪಡಿಯಿಂದ ಬಂದದ್ದು. ಐದೂ ಒಟ್ಟಿಗೆ ಕಾಣುವುದು 1931ರಲ್ಲಿ ಮುಗಿದ ಆತನ ವಿಲ್ಲಾ ಸವೋಯ್ ಎಂಬ ಮನೆಯಲ್ಲಿ. ಬೀಜ ಮಾತ್ರ ಆತನೇ ಬರೆದ 1914ರ ಡೊಮಿನೊ ಎಂಬ ಮನೆ-ಚೌಕಟ್ಟಿನ ನಕ್ಷೆಯಲ್ಲೇ ಇದೆ: ಆರು ಕಂಬ, ಮೂರು ಚಪ್ಪಡಿ, ಒಂದು ಮೆಟ್ಟಿಲು.

ಉಳಿದದ್ದು ಚುಟುಕಾಗಿ. ಆರ್ಟ್ ನೂವೊ ಎಂಬ ಅಲಂಕಾರ ಶೈಲಿ ಬಳ್ಳಿಯಂತೆ ಬಳುಕುತ್ತದೆ, 1900ರ ಆಸುಪಾಸಿನದು. ಆರ್ಟ್ ಡೆಕೊ ಶೈಲಿ ಅಂಕುಡೊಂಕು ಕೋನಗಳದ್ದು, 1925ರ ಪ್ಯಾರಿಸ್ ಪ್ರದರ್ಶನವನ್ನು ನೆನಪಿಡಿ. 1931ರ ಎಂಪೈರ್ ಸ್ಟೇಟ್ ಕಟ್ಟಡ 381 ಮೀಟರ್ ಎತ್ತರ. ಅದರ ಎಲುಬು ಉಕ್ಕಿನದು, ಹೊರಗಿನ ಸುಣ್ಣಕಲ್ಲು ಬರೀ ಹೊದಿಕೆ. ಇದನ್ನು ಓದುವಾಗ ಬೆಹ್ರೆನ್ಸ್‌ನ ದಪ್ಪ ಮೂಲೆ ನೆನಪಾಯಿತೇ? ನನಗಂತೂ ಆಯಿತು.