ಗಡಿಯ ಈಚೆಯ ಇಗರ್ಜಿಗಳು

2020ರ ಏಪ್ರಿಲ್ 5, ಈಸ್ಟರಿನ ಹಿಂದಿನ ಗರಿಗಳ ಭಾನುವಾರ. ಕುಂಬಳೆ, ಬೇಳ, ಕಯ್ಯಾರು, ವರ್ಕಾಡಿ ಇಗರ್ಜಿಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಜನರಿರಲಿಲ್ಲ. ಲಾಕ್‌ಡೌನಿನಲ್ಲಿ ದೇಶದ ಎಲ್ಲ ಇಗರ್ಜಿಗಳ ಪಾಡೂ ಅದೇ. ಆದರೆ ಕಾಸರಗೋಡಿನ ಕ್ರೈಸ್ತರಿಗೆ ಬೇರೊಂದು ಪೆಟ್ಟೂ ಬಿದ್ದಿತ್ತು. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿತ್ತು. ಮಂಗಳೂರಿನ ಆಸ್ಪತ್ರೆಗೆಂದು ಹೊರಟ ರೋಗಿಗಳು ಗಡಿಯಿಂದಲೇ ಹಿಂದಿರುಗಿದರು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಬಿಷಪರು ಆಚೆ, ಭಕ್ತರು ಈಚೆ.

ಕೇರಳದಲ್ಲಿರುವ ಈ ಇಗರ್ಜಿಗಳಿಗೆ ಮಂಗಳೂರಿನ ಬಿಷಪರೇಕೆ? ಮಂಗಳೂರು ಧರ್ಮಪ್ರಾಂತ, ಅಂದರೆ ಅಲ್ಲಿನ ಬಿಷಪರ ಆಡಳಿತದ ಪ್ರದೇಶ, ಸ್ಥಾಪನೆಯಾದದ್ದು 1886ರಲ್ಲಿ. 1923ರಲ್ಲಿ ಅದರಿಂದ ಕಲ್ಲಿಕೋಟೆ ಧರ್ಮಪ್ರಾಂತ ಬೇರೆಯಾದಾಗಲೂ ಕುಂಬಳೆ, ಬೇಳದ ಕಡೆಯವರು ಮಂಗಳೂರಿನ ಜೊತೆಗೇ ಉಳಿದರು. ಆಗ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ರಾಜ್ಯದ ಗೆರೆ ನಡುವೆ ಬಂತು, ಧರ್ಮಪ್ರಾಂತದ ಗೆರೆ ಇದ್ದಲ್ಲೇ ಇತ್ತು. ಪಾದ್ರಿಗಳ ವರ್ಗಾವಣೆಯ ಕಾಗದ ಇಂದಿಗೂ ಮಂಗಳೂರಿನಿಂದಲೇ ಬರುತ್ತದೆ.

1956ರ ನೋವು ಒಂದು ಸಮುದಾಯದ್ದಲ್ಲ. ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ಇಬ್ಬರು ಶಾಂತಾರಾಮ ಅಲ್ಮೇಡ, ಸುಧಾಕರ ಅಗ್ಗಿತ್ತಾಯ. ಒಂದು ಕ್ರೈಸ್ತ, ಇನ್ನೊಂದು ಹಿಂದೂ ಮನೆತನದ ಈ ಎರಡು ಹೆಸರನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಈ ಊರು ಹೇಗಿತ್ತೆಂದು ಬೇರೆ ವಿವರಣೆ ಬೇಕೆನಿಸುವುದಿಲ್ಲ. 1967ರಲ್ಲಿ ಗಡಿ ವಿವಾದದ ವಿಚಾರಣೆಗೆ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ವರದಿ ಜಾರಿಗೆ ಬರಲಿಲ್ಲ. ಕಾದವರು ಮುದುಕರಾದರು, ಮಕ್ಕಳು ಮಲಯಾಳ ಕಲಿತರು.

ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ: ಇಲ್ಲಿನ ಕ್ರೈಸ್ತರ ಬದುಕು ಹೀಗೆ. ಇಗರ್ಜಿಗಳ ಆಶ್ರಯದಲ್ಲಿ ಬೇಳದಲ್ಲೂ ಕಯ್ಯಾರಿನಲ್ಲೂ ಬೆಳೆದ ಶಾಲೆಗಳಲ್ಲಿ ಎಲ್ಲ ಜಾತಿ ಮತದ ಮಕ್ಕಳು ಕನ್ನಡ ಅಕ್ಷರ ತಿದ್ದಿದರು. ನನ್ನ ಮಟ್ಟಿಗೆ, ಗಡಿ ಬಂದ ಮೇಲೆ ಈ ಸಮುದಾಯ ಮಾಡಿದ ಅತಿ ದೊಡ್ಡ ಕೆಲಸ ಆ ಶಾಲೆಗಳನ್ನು ಕೈಬಿಡದೆ ನಡೆಸಿದ್ದು.

ಆಸೆಗೆಟ್ಟು ಕೂರದ ಈ ಅಭ್ಯಾಸದ ಬೇರು ಇನ್ನೂ ಹಿಂದಿದೆ. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದಂದು, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಇಗರ್ಜಿಗಳು ನೆಲಸಮವಾದವು, ಹೊಲಮನೆ ಬೇರೆಯವರ ಪಾಲಾಯಿತು. ಹೋದವರ ಸಂಖ್ಯೆಯ ಬಗ್ಗೆ ದಾಖಲೆಗಳು ಒಮ್ಮತದಲ್ಲಿಲ್ಲ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ ಎಂಬುದರಲ್ಲಿ ಅನುಮಾನವಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಬಿಡುಗಡೆಯಾದರು. ಹದಿನೈದು ವರ್ಷವೆಂದರೆ, ಹೊರಟಾಗ ಸೊಂಟದ ಮೇಲಿದ್ದ ಕೂಸು ಮರಳುವಾಗ ಹೊರೆ ಹೊರುವಷ್ಟು ಬೆಳೆದಿರುತ್ತದೆ. ಬಂದವರು ಮತ್ತೆ ಗದ್ದೆ ಹಿಡಿದರು, ಮತ್ತೆ ಇಗರ್ಜಿ ಕಟ್ಟಿದರು.

1890ರಲ್ಲಿ ಬೇಳದಲ್ಲಿ ಸ್ಥಾಪನೆಯಾದ ಇಗರ್ಜಿಯನ್ನು ಶೋಕಮಾತೆಗೆ ಅರ್ಪಿಸಲಾಯಿತು. ಮಗನನ್ನು ಶಿಲುಬೆಯ ಮೇಲೆ ಕಂಡೂ ಅಲ್ಲಿಂದ ಕದಲದೆ ನಿಂತ ತಾಯಿ ಅವಳು. ಗಾಥಿಕ್ ಶೈಲಿಯ ಆ ಕಟ್ಟಡ ನೋಡಲು ದೂರದವರೂ ಬರುತ್ತಾರೆ. ಮೇಣದ ಬತ್ತಿ ಹಚ್ಚಿ ಮೊಣಕಾಲೂರಿದ ಹೆಂಗಸಿಗೆ ಮಾತ್ರ ಕಟ್ಟಡದ ಚೆಂದಕ್ಕಿಂತ ಆ ತಾಯಿಯ ಮುಖವೇ ಹತ್ತಿರದ್ದು.

2020ರ ಪವಿತ್ರ ವಾರದಲ್ಲಿ ಆಸರೆಯಾದದ್ದೂ ಹಳೆಯ ರೂಢಿಯೇ. ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಎಂದೂ ಮನೆಯೊಳಗಿನದು. ಅಪ್ಪ ಶುರುಮಾಡಿದರೆ ಅಜ್ಜಿ ಮುಗಿಸುತ್ತಾಳೆ, ಅದಕ್ಕೆ ಪಾದ್ರಿಯೂ ಬೇಡ, ಪಾಸೂ ಬೇಡ. ಇಗರ್ಜಿಯಲ್ಲಿ ಪಾದ್ರಿ ನಡೆಸುವ ಬಲಿಪೂಜೆ ಮೊಬೈಲಿನ ಪರದೆಯಲ್ಲಿ ಬಂತು. ತುರ್ತು ರೋಗಿಗಳಿಗೆ ಗಡಿ ತೆರೆಯುವ ಒಪ್ಪಂದವಾಗಿದೆಯೆಂದು ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ತಿಳಿಸಿದ್ದು ಏಪ್ರಿಲ್ 7ರಂದು. ಈಸ್ಟರ್ ಬಂದದ್ದು 12ಕ್ಕೆ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಈ ಜನರ ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಅರೆದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದು ಬಾಳೆ ಎಲೆಯ ಮೇಲೆ ಬರೀ ತರಕಾರಿಯ ಊಟ. ಮುಂಬಯಿಗೋ ಗಲ್ಫಿಗೋ ಹೋದ ಮಗನಿಗೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ, ಅಂಚೆಯಲ್ಲಿ ಕಳುಹಿಸುತ್ತಾರೆ.