ಒಂದು ಯು ಸರ್ವರ್: ರ‍್ಯಾಕಿನಲ್ಲಿ ಜಾಗ ಇದೆ, ಕರೆಂಟಿಲ್ಲ

ಸರ್ವರ್ ಕೊಳ್ಳುವ ಮುಂಚೆ ಒಮ್ಮೆ ನೋಡಿ ಹೇಳಿ ಅಂತ ಕರೆಯುವವರು ಮೊದಲು ಕೈಗಿಡುವುದು ಕೋರ್ ಎಷ್ಟು, ರ‍್ಯಾಮ್ ಎಷ್ಟು ಅನ್ನುವ ಕೊಟೇಶನ್. ನಾನು ಮೊದಲು ಕೇಳುವುದು, ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸುವ ನಿಮ್ಮ ರ‍್ಯಾಕಿಗೆ ಕರೆಂಟ್ ಎಷ್ಟು ಬರುತ್ತದೆ ಅಂತ. ಬಹಳ ಕಡೆ ಎದುರಿಗಿದ್ದವರು ಪಕ್ಕದವರ ಮುಖ ನೋಡುತ್ತಾರೆ. ಅದನ್ನು ನೋಡಿಕೊಳ್ಳುವ ವಿಭಾಗವೇ ಬೇರೆ ಇರುತ್ತದೆ.

ಒಂದು ಯು ಅಂದರೆ 1.75 ಇಂಚು ಎತ್ತರ. ಮಾಮೂಲಿ ರ‍್ಯಾಕ್ 42 ಯು. ಎರಡು ನೆಟ್‌ವರ್ಕ್ ಸ್ವಿಚ್‌ಗೆ ಜಾಗ ಬಿಟ್ಟರೂ 40 ಸರ್ವರ್ ಕೂರಿಸಬಹುದು ಅನ್ನುವುದು ಮಾರುವವರ ಲೆಕ್ಕ. ಈಗ ಕರೆಂಟಿನ ಲೆಕ್ಕ ಹಾಕಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 230 ವೋಲ್ಟ್, 32 ಆಂಪಿಯರ್‌ನ ಸಿಂಗಲ್ ಫೇಸ್ ಲೈನ್ ತೆಗೆದುಕೊಳ್ಳೋಣ. 7,360 ವ್ಯಾಟ್ ಆಯಿತು. ಸದಾ ಓಡುವ ಲೋಡಿಗೆ ಅದರಲ್ಲಿ ಶೇ. 80 ಮಾತ್ರ ಬಳಸಿದರೆ ಕೈಗೆ ಸಿಗುವುದು 5,900ರ ಹತ್ತಿರ. ರ‍್ಯಾಕಿಗೆ ಎ, ಬಿ ಅಂತ ಎರಡು ಲೈನ್ ಇದೆಯಲ್ಲ ಅನ್ನುತ್ತೀರಿ. ಒಂದು ಹೋದಾಗ ಇನ್ನೊಂದೇ ಪೂರ್ತಿ ಭಾರ ಹೊರಬೇಕು, ಹಾಗಾಗಿ ಎರಡನ್ನೂ ಕೂಡುವ ಹಾಗಿಲ್ಲ. ಎರಡು ಪ್ರೊಸೆಸರ್‌ನ ಸರ್ವರ್ ಒಂದೊಂದೂ ಕೆಲಸದ ಹೊತ್ತಿನಲ್ಲಿ 750 ವ್ಯಾಟ್ ಎಳೆದರೆ ಏಳು ಸರ್ವರ್‌ಗೇ ಲೈನ್ ಮುಗಿಯಿತು. ಸ್ವಿಚ್ ಕಳೆದು ಉಳಿದ 33 ಯುನಲ್ಲಿ ಏನಿಡುತ್ತೀರಿ? ಹಿಂದಿನ ಬಿಸಿ ಗಾಳಿ ಮುಂದಕ್ಕೆ ಸೋರದ ಹಾಗೆ ಖಾಲಿ ಜಾಗ ಮುಚ್ಚುವ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಬೇಕು, ಅಷ್ಟೇ.

750 ವ್ಯಾಟ್ ಜಾಸ್ತಿ ಆಯಿತು ಅನಿಸಬಹುದು. ಎಎಂಡಿಯ ಸರ್ವರ್ ಪ್ರೊಸೆಸರ್ ಎಪಿಕ್ 9654 ಒಂದರ ಟಿಡಿಪಿಯೇ, ಅಂದರೆ ತಂಪು ಮಾಡಬೇಕಾದ ಶಾಖದ ಲೆಕ್ಕವೇ, 360 ವ್ಯಾಟ್. ಅಂಥ ಎರಡು ಹಾಕಿ ಪೂರ್ತಿ ದುಡಿಸಿದರೆ ಪ್ರೊಸೆಸರ್‌ಗೇ 720. ರ‍್ಯಾಮ್, ಡಿಸ್ಕ್, ಫ್ಯಾನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈ ಫ್ಯಾನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂದು ಯು ಎತ್ತರದಲ್ಲಿ ಹಿಡಿಸುವುದು 40 ಮಿಲಿಮೀಟರ್‌ನ ಪುಟ್ಟ ಫ್ಯಾನ್. ಸಾಕಷ್ಟು ಗಾಳಿ ತಳ್ಳಬೇಕಾದರೆ ಅದು ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನಲ್ಲಿ ತಿರುಗಬೇಕಾಗುತ್ತದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಗಾಳಿಯೂ ಎರಡು ಪಟ್ಟು, ಆದರೆ ಅದು ತಿನ್ನುವ ಕರೆಂಟ್ ಎಂಟು ಪಟ್ಟು. ಫ್ಯಾನ್‌ಗಳೆಲ್ಲ ಸೇರಿ ನೂರು ವ್ಯಾಟ್ ದಾಟುವುದು ಅಪರೂಪವೇನಲ್ಲ. ಅದೇ ಪ್ರೊಸೆಸರ್‌ಗಳನ್ನು ಎರಡು ಯು ಡಬ್ಬದಲ್ಲಿ ಹಾಕಿದರೆ ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿ ಆ ಕೆಲಸ ಮುಗಿಸುತ್ತದೆ. ಏಳು ಸರ್ವರ್ ಎರಡು ಯು ಆದರೂ 14 ಯು ಸಾಕು, ಸ್ವಿಚ್ ಕಳೆದರೂ ಇನ್ನೂ 26 ಖಾಲಿ! ಹಾಗಿದ್ದ ಮೇಲೆ ಇಕ್ಕಟ್ಟಿನ ಡಬ್ಬಕ್ಕೆ ಯಾಕೆ ಹೋಗಬೇಕು ಹೇಳಿ.

ಡೆಮೊ ಸರ್ವರ್ ಬಂದಾಗ ಬೆಂಚ್‌ಮಾರ್ಕ್ ಅಂಕಿಗಿಂತ ನಾನು ಜಾಸ್ತಿ ನೋಡುವುದು ಬಿಎಂಸಿಯ, ಅಂದರೆ ಸರ್ವರ್ ಒಳಗೇ ಕೂತು ಅದರ ಮೇಲೆ ಕಣ್ಣಿಡುವ ಪುಟ್ಟ ಚಿಪ್‌ನ, ಸೆನ್ಸರ್ ಪುಟವನ್ನು. ಪ್ರೊಸೆಸರ್‌ಗೆ ಭಾರ ಹಾಕುವ ಸ್ಟ್ರೆಸ್-ಎನ್‌ಜಿ, ಡಿಸ್ಕ್‌ಗೆ ಭಾರ ಹಾಕುವ ಎಫ್ಐಒ ಎರಡನ್ನೂ ಒಟ್ಟಿಗೆ ಓಡಿಸಿ, ಅರ್ಧ ಗಂಟೆ ಬಿಟ್ಟು ಒಳಬರುವ ಗಾಳಿಯ ಉಷ್ಣಾಂಶ, ಫ್ಯಾನ್ ವೇಗ, ಪ್ರೊಸೆಸರ್ ಗಡಿಯಾರ (ಅದು ಓಡುವ ಗಿಗಾಹರ್ಟ್ಸ್ ವೇಗ), ಒಟ್ಟು ವ್ಯಾಟ್ ಬರೆದಿಟ್ಟುಕೊಳ್ಳಿ. ಮೊದಲ ಐದು ನಿಮಿಷ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಗಡಿಯಾರ ಕೆಳಗಿಳಿದು ಅಲ್ಲೇ ನಿಂತರೆ ನೀವು ದುಡ್ಡು ಕೊಟ್ಟ ವೇಗ ನಿಮಗೆ ಸಿಗುತ್ತಿಲ್ಲ. ಲೋಡ್ ಇರುವಾಗಲೇ ಒಂದು ಫ್ಯಾನ್ ಮಾಡ್ಯೂಲ್ ಎಳೆದು ನೋಡಿ. ಉಳಿದವು ಕಿರುಚಿಕೊಳ್ಳುತ್ತವೆ. ಕಿರುಚಲಿ ಬಿಡಿ, ಗಡಿಯಾರ ಬೀಳಬಾರದು. ಹೊರತೆಗೆದ ಫ್ಯಾನನ್ನು ಮಾತ್ರ ಬೇಗ ವಾಪಸ್ ಹಾಕಿ.

ಮುಂದಿನದು ಪವರ್ ಸಪ್ಲೈ. ಒಂದರ ಕೇಬಲ್ ಕಿತ್ತು ನೋಡಿ. ಕೊಟೇಶನ್ ಇಳಿಸಲು 800 ವ್ಯಾಟ್‌ನ ಎರಡು ಸಪ್ಲೈ ಹಾಕಿರುತ್ತಾರೆ, ಸರ್ವರ್ 950 ಎಳೆಯುತ್ತಿರುತ್ತದೆ. ಎರಡೂ ಇರುವತನಕ ಏನೂ ಗೊತ್ತಾಗುವುದಿಲ್ಲ. ಒಂದು ಹೋದರೆ ಸರ್ವರ್ ವೇಗ ಕುಗ್ಗಿಸಿಕೊಂಡು ಬದುಕಬಹುದು, ಇಲ್ಲ ಮಲಗಬಹುದು. ಅದು ಡೆಮೊ ದಿನವೇ ಗೊತ್ತಾದರೆ ಒಳ್ಳೆಯದು ಅಲ್ವಾ?

ಕಂಪನಿಗಳ ತಾಂತ್ರಿಕ ಕೈಪಿಡಿಯ ಹಿಂದಿನ ಪುಟಗಳಲ್ಲಿ ಥರ್ಮಲ್ ನಿರ್ಬಂಧದ ಕೋಷ್ಟಕ ಇರುತ್ತದೆ. ಯಾವ ಪ್ರೊಸೆಸರ್‌ಗೆ ಎಷ್ಟು ಡಿಗ್ರಿ ಗಾಳಿ, ಮುಂದೆ ಎಷ್ಟು ಡಿಸ್ಕ್ ಅಂತ ಅಲ್ಲಿ ಬರೆದಿರುತ್ತಾರೆ. ಬ್ರೋಶರ್ 35 ಡಿಗ್ರಿ ಅನ್ನುತ್ತದೆ, ದೊಡ್ಡ ಪ್ರೊಸೆಸರ್ ಆರಿಸಿದರೆ ಕೋಷ್ಟಕ ಅದನ್ನು ಇಳಿಸುತ್ತದೆ. ತಂಪು ವ್ಯವಸ್ಥೆಗೆ ಮಾನದಂಡ ಬರೆಯುವ ಅಮೆರಿಕದ ಸಂಸ್ಥೆ ಆಶ್ರೇ ಮಾಡುವ ಶಿಫಾರಸು 18ರಿಂದ 27 ಡಿಗ್ರಿ. ನಿಮ್ಮ ಕೋಣೆಯಲ್ಲಿ ರ‍್ಯಾಕಿನ ಮೇಲ್ತುದಿಯಲ್ಲಿ ಎಷ್ಟಿದೆ ಅಂತ ಒಮ್ಮೆ ಅಳೆಯಿರಿ. ಬುಡದಲ್ಲಿ ಅಳೆದ ಅಂಕಿ ನಂಬಬೇಡಿ.

ರ‍್ಯಾಮ್ ವಿಷಯ ಚಿಕ್ಕದು. 9654ಕ್ಕೆ 12 ಮೆಮೊರಿ ಚಾನೆಲ್, ಅಂದರೆ ಮೆಮೊರಿಯ ಜೊತೆ ಡೇಟಾ ಓಡಾಡುವ ದಾರಿ, ಇವೆ. ಎಂಟು ಕಡ್ಡಿ ಹಾಕಿ ನಾಲ್ಕು ಖಾಲಿ ಬಿಟ್ಟರೆ ಆ ಬ್ಯಾಂಡ್‌ವಿಡ್ತ್ ಸುಮ್ನೆ ಹೋಯಿತು.

ಹಾಗಂತ ಒಂದು ಯು ಬೇಡವೇ ಬೇಡ ಅನ್ನುತ್ತಿಲ್ಲ. ಕೊಲೊಕೇಶನ್‌ನಲ್ಲಿ, ಅಂದರೆ ಬೇರೆಯವರ ಡೇಟಾ ಸೆಂಟರ್‌ನಲ್ಲಿ ಸರ್ವರ್ ಇಟ್ಟು, ಯು ಲೆಕ್ಕದಲ್ಲಿ ಬಾಡಿಗೆ ಕಟ್ಟುವವರಿಗೆ, ಬ್ರಾಂಚ್ ಆಫೀಸಿನ ಅರ್ಧ ರ‍್ಯಾಕಿಗೆ ಅದೇ ಸರಿ. ಅಲ್ಲಿ ನಾನು ಹೇಳುವುದು ಒಂದೇ ಪ್ರೊಸೆಸರ್, 32 ಕೋರ್. ಶಾಖ ಕಡಿಮೆ, ಫ್ಯಾನ್ ಶಾಂತ. ಲೈಸೆನ್ಸ್ ಖರ್ಚೂ ಹಿಡಿತದಲ್ಲಿರುತ್ತದೆ. ವಿಂಡೋಸ್ ಸರ್ವರ್ ಲೈಸೆನ್ಸ್ ಕೋರ್ ಲೆಕ್ಕದಲ್ಲಿ, ಒಂದು ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರ ಓಡಿಸುವ ವಿಎಂವೇರ್ ಕೂಡ ಕೋರ್ ಲೆಕ್ಕವೇ, ಅದರಲ್ಲೂ ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್ ಹಿಡಿಯುತ್ತಾರೆ. ಎಂಟೆಂಟು ಕೋರ್‌ನ ಎರಡು ಪ್ರೊಸೆಸರ್ ತಂದವರು ಬಳಸುವುದು 16, ದುಡ್ಡು ಕಟ್ಟುವುದು 32ಕ್ಕೆ. ಆರ್ಡರ್ ಹಾಕುವ ಮುಂಚೆ ರ‍್ಯಾಕಿನ ಆಳಕ್ಕೂ ಟೇಪ್ ಹಿಡಿಯಿರಿ. ಗಿಡ್ಡ ಸರ್ವರ್ ಉದ್ದದಲ್ಲಿ ಗಿಡ್ಡ ಇರುವುದಿಲ್ಲ. ಹಿಂದಿನ ಪಿಡಿಯುಗೆ (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿಗೆ) ತಾಗಿ ಬಾಗಿಲು ಹಾಕಲಾಗದ ರ‍್ಯಾಕ್‌ಗಳನ್ನು ಈಗಲೂ ನೋಡುತ್ತಿರುತ್ತೇನೆ.