ರಿಪೋರ್ಟ್ ಕೇಳುವ ಮೊದಲು ಶೀಟ್ ನೋಡಿ

ನಮ್ಮ ಕಡೆಯ ಸಹಕಾರ ಸಂಘಗಳು, ಅಡಿಕೆ ಮಂಡಿಗಳು ಈಗ ಪವರ್ ಬಿಐ ತರಹದ ಸಾಫ್ಟ್‌ವೇರ್‌ನಲ್ಲಿ ರಿಪೋರ್ಟ್ ಬೇಕು ಅನ್ನುತ್ತಿವೆ. ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಎಲ್ಲರೂ ವಿಚಾರಿಸುತ್ತಾರೆ. ನಾನು ಮೊದಲು ಅವರ ಎಕ್ಸೆಲ್ ಫೈಲ್ ಕೇಳಿ ಪಡೆಯುತ್ತೇನೆ. ಲೆಕ್ಕ ಕೆಡುವುದು ಬಹುಪಾಲು ಅಲ್ಲೇ.

ಶಿವಮೊಗ್ಗದ ಮಂಡಿಯೊಂದರ ಮಾಮೂಲಿ ಶೀಟ್ ಹೀಗಿರುತ್ತದೆ. ಮೇಲೆ ಅಂಗಡಿ ಹೆಸರು, ವಿಳಾಸ, ವರ್ಷ. ಕೆಳಗೆ ನಾಲ್ಕು ಸಾಲಿಗೆ ಸೇರಿಸಿ ಮರ್ಜ್ ಮಾಡಿದ ತಾರೀಖು. ಅದರ ಪಕ್ಕ ಅಡಿಕೆಯ ಬಗೆಗಳು: ರಾಶಿ, ಬೆಟ್ಟೆ, ಗೊರಬಲು, ಸರಕು. ವಾರಕ್ಕೊಂದು 'ಒಟ್ಟು'. ಹಣ ಬಾಕಿ ಇರುವ ಸಾಲಿಗೆ ಕೆಂಪು ಬಣ್ಣ. ಪ್ರಿಂಟ್ ತೆಗೆದು ಓದೋಕೆ ಇದು ಚೆನ್ನಾಗಿದೆ. ಸಾಫ್ಟ್‌ವೇರ್ ಓದುವ ರೀತಿ ಬೇರೆ. ಮರ್ಜ್ ಮಾಡಿದಾಗ ತಾರೀಖು ಮೊದಲ ಸೆಲ್‌ನಲ್ಲಿ ಮಾತ್ರ ಉಳಿಯುತ್ತದೆ. ಹಾಗಾಗಿ ರಾಶಿಗೆ ತಾರೀಖು ಸಿಗುತ್ತದೆ, ಬೆಟ್ಟೆಯಿಂದ ಕೆಳಗೆ ಎಲ್ಲ ಖಾಲಿ. 'ಒಟ್ಟು' ಸಾಲನ್ನೂ ಒಂದು ವ್ಯಾಪಾರ ಅಂತಲೇ ಕೂಡಿಸಿಕೊಂಡು ಆವಕವನ್ನು (ಮಂಡಿಗೆ ಬಂದ ಮಾಲನ್ನು) ಎರಡು ಪಟ್ಟು ತೋರಿಸುತ್ತದೆ. ಕೆಂಪು ಬಣ್ಣ ರಿಪೋರ್ಟ್‌ಗೆ ಬರುವುದೇ ಇಲ್ಲ.

ಅದಕ್ಕೇ ಎರಡು ಶೀಟ್ ಇಟ್ಟುಕೊಳ್ಳಿ ಅಂತ ಹಟ ಹಿಡಿದು ಹೇಳುತ್ತೇನೆ. ಒಂದು ಜನ ನೋಡೋಕೆ, ಇನ್ನೊಂದು ಸಾಫ್ಟ್‌ವೇರ್ ಓದೋಕೆ. ಎರಡನೆಯದರಲ್ಲಿ ಮೊದಲ ಸಾಲೇ ಹೆಡ್ಡಿಂಗ್. ಒಂದು ಲಾಟಿಗೆ ಒಂದು ಸಾಲು, ಪ್ರತಿ ಸಾಲಿನಲ್ಲೂ ತಾರೀಖು. ಬಾಕಿಗೆ ಬೇರೆ ಕಾಲಂ ಮಾಡಿ 'ಹೌದು', 'ಇಲ್ಲ' ಬರೆಯಿರಿ. ಏಪ್ರಿಲ್, ಮೇ, ಜೂನ್ ಅಂತ ತಿಂಗಳಿಗೊಂದು ಕಾಲಂ ಬೇಡ. ಆಮೇಲೆ ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿ. ನಾಳೆ ಕೆಳಗೆ ಹೊಸ ಸಾಲು ಬರೆದರೆ ಅದೂ ತಾನಾಗಿ ಟೇಬಲ್‌ಗೆ ಸೇರಿಕೊಳ್ಳುತ್ತದೆ.

ಮಲೆನಾಡಿನ ಫೈಲ್‌ಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಸರ್ವೆ ನಂಬರ್. ತೋಟದ ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಕಂಪ್ಯೂಟರ್‌ನಲ್ಲಿ ಭಾರತದ ತಾರೀಖು ಸೆಟ್ಟಿಂಗ್ ಇದ್ದರೆ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತದೆ. ಪಕ್ಕದ 12/3ಎ ಮಾತ್ರ ಹಾಗೇ ಇರುತ್ತದೆ. ಒಂದೇ ಕಾಲಂನಲ್ಲಿ ಅರ್ಧ ತಾರೀಖು, ಅರ್ಧ ಅಕ್ಷರ. ಆಮೇಲೆ ಆ ಸೆಲ್ಲನ್ನು 'ಟೆಕ್ಸ್ಟ್' ಮಾಡಿದರೆ 12/3 ವಾಪಸ್ ಬರುವುದಿಲ್ಲ. ನೀವು ಟೈಪ್ ಮಾಡಿದ ವರ್ಷ 2024 ಆಗಿದ್ದರೆ 45363 ಅಂತ ಕಾಣುತ್ತದೆ. ತಾರೀಖನ್ನು ಎಕ್ಸೆಲ್ 1900ರ ಜನವರಿ 1ರಿಂದ ಎಣಿಸುವ ದಿನಗಳಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೇ. ಟೈಪ್ ಮಾಡುವ ಮೊದಲೇ ಇಡೀ ಕಾಲಂ ಟೆಕ್ಸ್ಟ್ ಮಾಡಿಟ್ಟರೆ ಈ ಕಾಟ ಇಲ್ಲ. 00417 ತರಹದ ಸದಸ್ಯರ ನಂಬರ್‌ಗೂ, ಆಧಾರ್‌ಗೂ, ಬ್ಯಾಂಕ್ ಖಾತೆಗೂ ಇದನ್ನೇ ಮಾಡಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರ್ ಬರೆದರೆ ಕೊನೆಯದು ಸೊನ್ನೆ ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟ ಟೆಕ್ಸ್ಟ್ ಫೈಲ್) ಬಂದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಫೈಲ್‌ನಲ್ಲಿ 12/3 ಸರಿಯಾಗೇ ಇದ್ದರೂ ಎಕ್ಸೆಲ್ ತೆರೆಯುವಾಗಲೇ ಬದಲಾಯಿಸುತ್ತದೆ, ಸೇವ್ ಮಾಡಿದರೆ ಮೂಲವೂ ಹೋಯಿತು. ಸುಮ್ನೆ ನೋಡೋಕೆ ನೋಟ್‌ಪ್ಯಾಡ್ ಸಾಕು. ನೀವೇ ಕೈಯಾರೆ ಟೆಕ್ಸ್ಟ್ ಫೈಲ್ ಮಾಡುವುದಾದರೆ ಅಲ್ಪವಿರಾಮದ ಬದಲು ಟ್ಯಾಬ್ ಬಳಸಿ. 1,25,000 ಅಂತ ಮೊತ್ತ ಬರೆದರೆ ಅಲ್ಪವಿರಾಮದ ಫೈಲ್‌ನಲ್ಲಿ ಅದು ಮೂರು ಕಾಲಂಗೆ ಒಡೆಯುತ್ತದೆ.

ಕನ್ನಡದ ವಿಷಯಕ್ಕೆ ಬರೋಣ. ಸಂಘಗಳ ಹಳೆಯ ಫೈಲ್‌ಗಳು 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ರಿಪೋರ್ಟ್‌ನಲ್ಲಿ ಕಾಣುವುದೂ ಅವೇ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಓದುವ ಸಂಕೇತಕ್ಕೆ, ಪರಿವರ್ತಿಸಿ. ಸೇವ್ ಮಾಡುವಾಗ 'ಸಿಎಸ್‌ವಿ ಯುಟಿಎಫ್-8' ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. 'ಕುಮಾರ್' ಅಂತ ಇಬ್ಬರು ಟೈಪ್ ಮಾಡಿದಾಗ ಒಬ್ಬರ ಅರ್ಧಾಕ್ಷರದ ಹಿಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿರಬಹುದು. ನಮಗೆ ಎರಡೂ ಒಂದೇ, ಸಾಫ್ಟ್‌ವೇರ್‌ಗೆ ಇಬ್ಬರು ಬೇರೆ ರೈತರು.

ಊರ ಹೆಸರೂ ಹಾಗೇ. ಇಂಗ್ಲಿಷ್‌ನಲ್ಲಿ ಶಿಮೊಗ ಅಂತಿದ್ದದ್ದು 2014ರ ನವೆಂಬರ್ 1ರಿಂದ ಶಿವಮೊಗ್ಗ ಆಯಿತು. ಹಳೆಯ ಸಾಲುಗಳಲ್ಲಿ ಒಂದು, ಹೊಸ ಸಾಲುಗಳಲ್ಲಿ ಇನ್ನೊಂದು. ತೀರ್ಥಹಳ್ಳಿಯ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು. ಜಿಲ್ಲೆಯ ಏಳು ತಾಲ್ಲೂಕಿನ ಹೆಸರಿಗೆ ಡ್ರಾಪ್‌ಡೌನ್ (ಆರಿಸಿಕೊಳ್ಳುವ ಪಟ್ಟಿ) ಹಾಕಿಬಿಡಿ, ಟೈಪ್ ಮಾಡುವ ಕೆಲಸವೇ ಬೇಡ.

ತೋಟದ ಮಳೆ ಲೆಕ್ಕ ಇಡುವವರಿಗೆ ಒಂದು ಮಾತು. ಮಳೆ ಬಾರದ ದಿನಕ್ಕೆ 0 ಬರೆಯಿರಿ, ಅಳೆಯದ ದಿನವನ್ನು ಖಾಲಿ ಬಿಡಿ. ಆಷಾಢದಲ್ಲಿ ಅಳೆಯೋಕೆ ಆಗದ ನಾಲ್ಕು ದಿನಕ್ಕೆ ಸೊನ್ನೆ ತುಂಬಿದರೆ ಸರಾಸರಿ ಕುಸಿಯುತ್ತದೆ. ಖಾಲಿ ಬಿಟ್ಟರೆ ಅಳೆದ ದಿನಗಳದ್ದಷ್ಟೇ ಸರಾಸರಿ ಸಿಗುತ್ತದೆ.

ರಿಪೋರ್ಟ್ ಆದ ಮೇಲೆ ಆಡಳಿತ ಮಂಡಳಿಗೆ ತೋರಿಸುವ ಮೊದಲು ಎರಡು ಅಂಕಿಯನ್ನು ಶೀಟ್ ಜೊತೆ ತಾಳೆ ನೋಡಿ: ಸಾಲು ಎಷ್ಟು, ಒಟ್ಟು ತೂಕ ಎಷ್ಟು. ಸಾಲು ಸರಿ ಇದ್ದು ತೂಕ ಕಡಿಮೆ ಬಂದರೆ ತೂಕದ ಕಾಲಂನ ಎಡ ಅಂಚು ನೋಡಿ. ಯಾರೋ '42 ಕೆಜಿ' ಅಂತ ಬರೆದಿರುತ್ತಾರೆ. ಅದು ಅಕ್ಷರವಾಗಿ ಎಡಕ್ಕೆ ಅಂಟಿಕೊಂಡಿರುತ್ತದೆ, ಕೂಡಿಕೆಗೆ ಬರುವುದಿಲ್ಲ. 'ಕೆಜಿ'ಯನ್ನು ಹೆಡ್ಡಿಂಗ್‌ಗೆ ಹಾಕಿ, ಸೆಲ್‌ನಲ್ಲಿ 42 ಮಾತ್ರ ಬಿಡಿ.